ಸಿಲೋನಿನಲ್ಲಿ ಉಳಿದ ಸರಸು

ಇವತ್ತು ಅಂಗಡಿಯಲ್ಲಿ ಟೀಪುಡಿಯ ಡಬ್ಬಿ ತೆರೆದಾಗ ಬಂದ ವಾಸನೆಗೆ ಯಡಿಯೂರಿನ ನಮ್ಮ ಹಳೇ ವಠಾರ ನೆನಪಾಯಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುತ್ತಾ ಸೆಲ್ವಿ ಆಂಟಿ ಒಬ್ಬರೇ ಇದ್ದರು. ಹುಟ್ಟಿದ್ದು ಸಿಲೋನಿನ ಟೀ ತೋಟದಲ್ಲಿ. ಬಿಳಿಯರು ಬಿಟ್ಟುಹೋದ ಮೇಲೆ ಅಲ್ಲಿನ ಸರ್ಕಾರ ತೋಟದ ತಮಿಳರನ್ನು ನಮ್ಮವರಲ್ಲ ಅಂದಿತಂತೆ. ಆಂಟಿಯನ್ನು ಭಾರತದ ಹಡಗು ಹತ್ತಿಸಿದರು. ತಂಗಿ ಸರಸುಗೆ ಮಾತ್ರ ಅಲ್ಲೇ ಇರಲು ಒಪ್ಪಿಗೆ ಸಿಕ್ಕಿತು.

ನನಗೆ ಜಡೆ ಹಾಕುವಾಗ ಆಂಟಿ, "ಅಲ್ಲಾಡಬೇಡ ಸರಸು," ಅನ್ನುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ.

ಒಮ್ಮೆ ಸಿಲೋನಿನಲ್ಲಿ ತಮಿಳರ ಮನೆಗಳಿಗೆ ಬೆಂಕಿ ಇಟ್ಟರೆಂದು ಪೇಪರಿನಲ್ಲಿ ಬಂತು. ಆಮೇಲೆ ಸರಸುವಿನ ಸುದ್ದಿಯೇ ಇಲ್ಲ. ಆಂಟಿ ಅಡುಗೆಮನೆಯಲ್ಲಿ ಒಬ್ಬರೇ ಮಾತಾಡತೊಡಗಿದರು. ಒಂದು ಸಂಜೆ ಹೋಗಿ ಕೇಳಿದೆ, "ಯಾರ ಜೊತೆ ಮಾತಾಡ್ತಿದ್ದೀರಿ ಆಂಟಿ?"

"ಸರಸು ಬಂದಿದಾಳೆ. ಊರಿಗೆ ಕರ್ಕೊಂಡು ಹೋಗು ಅಂತಾಳೆ. ಯಾವ ಊರಿಗೆ ಅಂತ ಕರ್ಕೊಂಡು ಹೋಗ್ಲಿ ನಾನು?"

ನಾನು ಅವರ ಸೆರಗು ಹಿಡಿದು ನಿಂತೆ. ಕೆಲವು ತಿಂಗಳಿಗೆ ಆಂಟಿ ತೀರಿಕೊಂಡರು.

ಇವತ್ತು ಅಂಗಡಿಯಿಂದ ಮನೆಗೆ ಬಂದು ಅಮ್ಮನಿಗೆ ಇದನ್ನೆಲ್ಲ ನೆನಪಿಸಿದೆ.

"ಅವರು ಹೋದ ಮೇಲೂ ಆ ಬೀಗ ಹಾಕಿದ ಮನೆಯೊಳಗೆ ಮಾತು ಕೇಳಿಸ್ತಿತ್ತು ಕಣೇ," ಅಂದಳು ಅಮ್ಮ. "ಹೆದರ್ತೀಯ ಅಂತ ನಿನಗೆ ಹೇಳಿರಲಿಲ್ಲ. ಎರಡು ದನಿ ಇತ್ತು."