ಬಿಳಿ ಟವಲಿಗೆ ಕಾಣದ ಹೊಗೆ

ಅಕ್ಕ ಕೇಳಿದ್ದು ಮೂರೇ ದಿನ. ಮೂರು ದಿನ ಎದೆ ಹಗುರವಾಗಿ ಉಸಿರಾಡಬೇಕು, ಅಡುಗೆ ಮನೆಗೆ ಕಾಲಿಡಬಾರದು, ಒಂದೇ ನಿದ್ದೆಯಲ್ಲಿ ಬೆಳಗಾಗಬೇಕು. ಗಣಿ ಊರು ದೋಣಿಮಲೈಯ ಶಾಲೆಯಲ್ಲಿ ಅವಳ ಜೊತೆ ಪಾಠ ಮಾಡಿ ನಿವೃತ್ತರಾದ ಐವರು ಗೆಳತಿಯರೂ ಬರುವವರಿದ್ದರು. ಆರು ಜನಕ್ಕೆ ಒಂದು ವಿಶ್ರಾಂತಿಯ ಜಾಗ ಹುಡುಕುವ ಕೆಲಸ ನನ್ನ ಮೇಲೆ ಬಿತ್ತು.

"ನೀ ಪೇಪರ್‌ನಾಗ ಇದ್ದೀಯಲ್ಲ, ಯಾರು ಸುಳ್ಳು ಹೇಳ್ತಾರಂತ ನಿನಗ ಗೊತ್ತಾಗತೈತಿ," ಅಂದಳು.

ಗೊತ್ತಾಗುವುದಿಲ್ಲ. ಹೊಸಪೇಟೆಯಲ್ಲಿ ಇಷ್ಟು ವರ್ಷ ವರದಿಗಾರಿಕೆ ಮಾಡಿ ನಾನು ಕಲಿತದ್ದು ಒಂದೇ: ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳುವ ತನಕ ನಂಬಬಾರದು.

ಉಬ್ಬಸ ಅಕ್ಕನಿಗೆ ಚಿಕ್ಕಂದಿನಿಂದಲೂ ಇತ್ತು. ನಿವೃತ್ತಿಯ ನಂತರ ಸಂಡೂರಿನಲ್ಲಿ ಮನೆ ಮಾಡಿದ್ದಾಳೆ. ಈಚೆಗೆ ಮೆಟ್ಟಿಲು ಹತ್ತಿದರೆ ಮಾತು ಅರ್ಧಕ್ಕೆ ನಿಲ್ಲುತ್ತದೆ. ಹೆಚ್ಚಾದದ್ದಕ್ಕೆ ಕಾರಣ ಏನೆಂದು ಡಾಕ್ಟರು ಹೇಳಿಲ್ಲ. ಹಾಗಾಗಿ ನಾನೂ ಬರೆಯುವುದಿಲ್ಲ. ಧೂಳಿಲ್ಲದ ಕಡೆ ಕೆಲವು ದಿನ ಇದ್ದು ಬನ್ನಿ, ಇನ್‌ಹೇಲರ್ ಮಾತ್ರ ಕೈಗೆಟಕುವಂತಿರಲಿ ಎಂದಷ್ಟೇ ಅವರು ಹೇಳಿದ್ದರು.

ಮೊದಲು ಹಂಪಿಯ ಹತ್ತಿರದ ಒಂದು ಜಾಗ ನೋಡಿದೆವು. ಧ್ಯಾನ, ಮೌನ, ಎಣ್ಣೆಸ್ನಾನ ಎಲ್ಲ ಇತ್ತು. ಅಕ್ಕ ಒಳಗೂ ಬರಲಿಲ್ಲ. "ಈ ಊರಿಗೆ ಹುಡುಗರ್ನ ಟೂರ್ ಕರ್ಕೊಂಡು ಬಂದೂ ಬಂದೂ ಸಾಕಾಗೈತಿ. ಇಲ್ಲಿ ಕಣ್ಣು ಮುಚ್ಚಿ ಕುಂತ್ರ ತಲಿ ಎಣಸಾಕ ಶುರು ಮಾಡ್ತೀನಿ. ನಡಿ," ಅಂದಳು.

ಎರಡನೆಯದು ಕಂಪ್ಲಿಯಿಂದ ಎಮ್ಮಿಗನೂರಿನ ಕಡೆ ಹೋಗುವ ದಾರಿಯಲ್ಲಿ, ಕಾಲುವೆಯ ಪಕ್ಕ. ನಡೆಸುವವನು ಅಕ್ಕಿ ಗಿರಣಿಯವರ ಮನೆತನದವನು. ಅವನು ವಾಟ್ಸ್ಯಾಪ್‌ನಲ್ಲಿ ಕಳಿಸಿದ ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಒಂದರಲ್ಲಿ ತೆಂಗಿನ ಮರಗಳ ನೆರಳು ಎಡಕ್ಕೆ, ಅವುಗಳ ಕೆಳಗೆ ಯೋಗಕ್ಕೆ ಕುಳಿತ ಹೆಂಗಸಿನ ನೆರಳು ಬಲಕ್ಕೆ ಬಿದ್ದಿತ್ತು. ಆಗಲೇ ನನಗೆ ಅನುಮಾನ ಬಂತು. ಆದರೂ ಫೋನ್ ಮಾಡಿ ತಿಳಿಸಿ, ಅಕ್ಕನನ್ನು ಕರೆದುಕೊಂಡು ಹೋದೆ.

"ಬರ್ರಿ ಸಾರ್. ಕುಂದ್ರಿ ಮೇಡಂ," ಎಂದು ಪಾನಕ ತರಿಸಿದ. ಸಾಲಾಗಿ ಆರು ಕೋಣೆ, ಕೆಂಪು ಹೆಂಚು, ಗುಡಿಸಿ ನೀರು ಚಿಮುಕಿಸಿದ ಅಂಗಳ. ನಾವು ಬರುತ್ತೇವೆಂದು ಗೊತ್ತಿದ್ದಾಗ ಅಂಗಳ ಹೀಗೆಯೇ ಇರುತ್ತದೆ. ಒಳಗೆ ಬರುವವರು ಫೋನನ್ನೂ ಔಷಧಿಗಳನ್ನೂ ಬಾಗಿಲಲ್ಲೇ ಒಪ್ಪಿಸಬೇಕೆಂದು ಅವನ ಫಾರಂನಲ್ಲಿತ್ತು.

"ಔಷಧಿ ಯಾಕೆ?" ಎಂದು ಕೇಳಿದೆ.

"ಸಾರ್, ಇಲ್ಲಿ ಗಾಳೀನೇ ಔಷಧಿ."

"ಆ ಗಾಳಿ ಕೈಕೊಟ್ಟರೆ?"

ಅವನು ನಕ್ಕ. ನಾನು ನಗಲಿಲ್ಲ. ಇನ್‌ಹೇಲರ್ ಅಕ್ಕನ ಹತ್ತಿರವೇ ಇರುತ್ತದೆ ಎಂದು ಫಾರಂನ ಮೇಲೆ ಅವನ ಕೈಯಿಂದಲೇ ಬರೆಸಿ, ಸಹಿ ಹಾಕಿಸಿ, ಅದರ ಫೋಟೊ ತೆಗೆದುಕೊಂಡೆ. ಅಕ್ಕ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಅವಳ ಪರೀಕ್ಷೆ ಬೇರೆಯೇ ಇತ್ತು. ಬ್ಯಾಗಿನಿಂದ ಬಿಳಿ ಟವಲ್ ತೆಗೆದು, ಒದ್ದೆ ಮಾಡಿ ಹಿಂಡಿ, ಹಿತ್ತಲಿನ ತಂತಿಗೆ ಹರವಿದಳು. ಗಣಿ ಸೀಮೆಯ ಕ್ವಾರ್ಟರ್ಸ್‌ನಲ್ಲಿ ಇದ್ದ ಹೆಂಗಸರು ಎಲ್ಲಿಗೆ ಹೋದರೂ ಮಾಡುವ ಕೆಲಸ ಇದು. ಬಾಡಿಗೆ ಮನೆ ನೋಡುವಾಗ, ಮಗಳನ್ನು ಕೊಡುವ ಊರು ನೋಡುವಾಗ ಕೂಡ ಒದ್ದೆ ಬಟ್ಟೆ ಒಣಗುವ ತನಕ ಕಾಯುತ್ತಾರೆ. ಒಣಗಿದ ಮೇಲೆ ಬಟ್ಟೆ ಅದಿರಿನ ಧೂಳಿಗೆ ಕೆಂಪಾಗಿದ್ದರೆ ಆ ಜಾಗ ಬೇಡ.

ನಾವು ಊಟ ಮುಗಿಸುವ ಹೊತ್ತಿಗೆ ಟವಲ್ ಒಣಗಿ ಗರಿಗರಿಯಾಗಿತ್ತು. ಹಾಲಿನಷ್ಟು ಬಿಳಿ. ಮಡಚಿ ಒಳಗಿಡುವ ಮೊದಲೇ ಸಂಡೂರಿನಿಂದ ಒಬ್ಬ ಗೆಳತಿಯ ಫೋನ್ ಬಂತು. ಅಕ್ಕ ಸ್ಪೀಕರ್ ಹಾಕಿದಳು.

"ಟವಲ್ ಏನಂತು?"

"ಪಾಸ್ ಮಾಡೇತಿ. ಫಸ್ಟ್ ಕ್ಲಾಸ್!"

ಟವಲಿನ ತೀರ್ಪನ್ನು ನಾನೂ ಒಪ್ಪಿದೆ. ನನ್ನ ಅನುಮಾನವೆಲ್ಲ ಆ ಮನುಷ್ಯನ ಮೇಲಿತ್ತು, ಗಾಳಿಯ ಮೇಲಲ್ಲ.

ಹೇಳಿ ಹೋದಾಗ ಕಂಡದ್ದನ್ನು ಹೇಳದೆ ಹೋಗಿ ಮತ್ತೊಮ್ಮೆ ನೋಡುವುದು ನನ್ನ ಕೆಲಸದ ಕ್ರಮ. ಮುಂದಿನ ವಾರ ಒಂದು ಮಧ್ಯಾಹ್ನ ಯಾರಿಗೂ ತಿಳಿಸದೆ ಹೋದೆ. ಅಂಗಳ ಅಷ್ಟೇ ಚೊಕ್ಕಟವಾಗಿತ್ತು. ಆದರೆ ಕೋಣೆಗಳ ಹಿಂದೆ, ಬೇಲಿಯಾಚೆ, ಕಬ್ಬು ಕಡಿದ ಹೊಲದಲ್ಲಿ ರವದಿಗೆ, ಅಂದರೆ ಒಣಗಿದ ಗರಿಗಳಿಗೆ, ಬೆಂಕಿ ಹಚ್ಚಿದ್ದರು. ಹೊಗೆ ನೆಲಕ್ಕೆ ಅಂಟಿಕೊಂಡೇ ಬಂದು ಸಾಲುಕೋಣೆಗಳೊಳಗೆ ನುಗ್ಗುತ್ತಿತ್ತು. ಉಬ್ಬಸವಿಲ್ಲದ ನನಗೇ ಕೆಮ್ಮು ಬಂತು.

"ಫೋನ್ ಮಾಡಿ ಬರಬಾರದಾಗಿತ್ತಾ ಸಾರ್?" ಎನ್ನುತ್ತ ಮಾಲೀಕ ಓಡಿ ಬಂದ.

"ಹೊಗೆಯ ವಿಷಯ ಯಾಕೆ ಹೇಳಲಿಲ್ಲ?"

"ನೀವು ಔಷಧಿ ಕೇಳಿದ್ರಿ, ಬಾಗಿಲ ಚಿಲಕ ಕೇಳಿದ್ರಿ, ಸಂಡಾಸ ನೋಡಿದ್ರಿ. ಹೊಗಿ ಕೇಳಲಿಲ್ಲಲ್ಲ ಸಾರ್. ಅದು ನಮ್ಮ ಹೊಲಾನೂ ಅಲ್ಲ."

ಎರಡು ಮಾತೂ ನಿಜ. ಹಾಗೆಂದು ನನ್ನ ಅನುಮಾನ ಕಡಿಮೆಯಾಗಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವರನ್ನು ಕಚೇರಿಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಸಂಡೂರಿಗೆ ಹೋಗಿ ಅಕ್ಕನಿಗೆ ನಾನು ತೆಗೆದ ಹೊಗೆಯ ಫೋಟೊ ತೋರಿಸಿದೆ. ಅವಳು ಫೋಟೊ ನೋಡುವ ಮೊದಲು ನನ್ನ ಮುಖ ನೋಡಿದಳು.

"ನಮ್ಮನ್ನ ಕಳಸಾಕ ನಿನಗ ಮನಸಿಲ್ಲ. ಅದಕ್ಕ ಏನಾರ ಒಂದು ಹುಡುಕ್ಕೊಂಡು ಬರ್ತಿ. ಟವಲ್ ಬೆಳ್ಳಗ ಇತ್ತಲ್ಲ?"

"ಟವಲಿಗೆ ಮೂಗಿಲ್ಲ ಅಕ್ಕ."

ಆಗ ಅವಳು ಫೋಟೊ ದೊಡ್ಡದು ಮಾಡಿ ನೋಡಿದಳು. ಮೂವತ್ತು ವರ್ಷ ಅವಳ ಪಾಲಿಗೆ ಕೆಟ್ಟ ಗಾಳಿ ಎಂದರೆ ಕೆಂಪು ಬಣ್ಣ. ಬಟ್ಟೆಯ ಮೇಲೆ ಬಣ್ಣ ಬಿಡದ ಗಾಳಿಯೂ ಎದೆಯಲ್ಲಿ ಕೂರಬಹುದೆಂದು ಅವಳಿಗಾಗಲಿ, ಟವಲಿಗಾಗಿ ಕಾಯುತ್ತಿದ್ದ ಆ ಐವರಿಗಾಗಲಿ ಹೊಳೆದಿರಲಿಲ್ಲ. ಎರಡೆರಡು ಕಡೆ ಕೇಳುವ ನಾನೂ ಪಕ್ಕದ ಹೊಲದವನನ್ನು ಕೇಳಿರಲಿಲ್ಲ.

ಜಾಗ ಬಿಟ್ಟುಬಿಡೋಣ ಎಂದೆ. ಅವಳು ಒಪ್ಪಲಿಲ್ಲ. ಭಾನುವಾರ ನನ್ನನ್ನೇ ಕರೆದುಕೊಂಡು ಆ ಹೊಲದ ರೈತನ ಮನೆ ವಿಚಾರಿಸಿ ಹೋದಳು. ಅವನು ಕಟ್ಟೆಯ ಮೇಲೆ ಕುಳಿತು ಕುಡುಗೋಲು ಮಸೆಯುತ್ತಿದ್ದ.

"ಅಮ್ಮಾರ, ರವದಿ ಸುಡದಿದ್ರ ಕುಳಿ ಬೆಳಿ ಹೆಂಗ ಬಿಡಾಣ?" ಅಂದ. ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಬೆಳೆಯ ಮಾತು ಅದು.

"ಸುಡಬ್ಯಾಡ ಅನ್ನಲ್ಲಪ್ಪಾ. ಯಾವತ್ತು ಸುಡ್ತಿ ಅಂತ ಹೇಳು. ಆ ದಿನ ಬಿಟ್ಟು ಬರ್ತೀವಿ."

"ಇನ್ನ ಎರಡು ಮಡಿ ಉಳದಾವ. ಈ ವಾರದಾಗ ಮುಗಸ್ತೀನಿ. ಆಮ್ಯಾಲ ಬರ್ರಿ, ನಿಶ್ಚಿಂತಿ ಮಲಗ್ರಿ."

ನಾನು ಜೇಬಿನಿಂದ ಟಿಪ್ಪಣಿ ಪುಸ್ತಕ ತೆಗೆದು ಯಾವ ದಿನ, ಹೊಲದ ಯಾವ ಮಡಿ ಎಂದು ಕೇಳತೊಡಗಿದೆ. ಅವನು ಕುಡುಗೋಲು ಕೆಳಗಿಟ್ಟ.

"ನಿಮ್ಮ ತಮ್ಮಾರು ಪೊಲೀಸರೇನ್ರಿ?"

"ಪೊಲೀಸರಿಗಾದ್ರೂ ರಜಾ ಇರ್ತಾವಪ್ಪಾ," ಅಂದಳು ಅಕ್ಕ. "ಲೇ, ಅದನ್ನ ಒಳಗ ಇಡು."

ಇಟ್ಟೆ. ಆದರೂ ಅವರು ಹೊರಡುವ ಹಿಂದಿನ ದಿನ ಹೋಗಿ ಹೊಲ ನೋಡಿ ಬಂದೆ. ಎರಡೂ ಮಡಿ ಕಪ್ಪಾಗಿದ್ದವು, ಬೂದಿ ತಣ್ಣಗಾಗಿತ್ತು. ರೈತ ಮಾತು ಉಳಿಸಿಕೊಂಡಿದ್ದ.

ಮರುದಿನ ಆರು ಜನರನ್ನೂ ವ್ಯಾನಿನಲ್ಲಿ ಕರೆದೊಯ್ದು ಬಿಟ್ಟೆ. ಅವರು ಫೋನ್ ಒಪ್ಪಿಸಿದರು. ಇನ್‌ಹೇಲರ್ ಅಕ್ಕನ ಸೆರಗಿನ ಗಂಟಿನಲ್ಲಿ ಇರುವುದನ್ನು ನೋಡಿಕೊಂಡೇ ಹಿಂದಿರುಗಿದೆ. ಮೂರು ದಿನ ಸುದ್ದಿ ಇರಲಿಲ್ಲ. ಸುದ್ದಿ ಇಲ್ಲದಿದ್ದರೆ ಎಲ್ಲ ಸರಿಯಾಗಿದೆ ಎಂದು ತಿಳಿಯುವ ಅಭ್ಯಾಸ ನನಗಿಲ್ಲ.

ಕರೆತರಲು ಹೋದಾಗ ಒಬ್ಬೊಬ್ಬರನ್ನೇ ಕೇಳಿದೆ. ಮೊದಲನೆಯವರು, "ಮಸ್ತ್ ಇತ್ತು, ಏನೂ ತೊಂದರಿ ಆಗಲಿಲ್ಲ," ಎಂದರು. ಎರಡನೆಯವರು ಅದನ್ನೇ ಅಂದರು. ಮೂರನೆಯವರೂ ಅವೇ ಶಬ್ದಗಳನ್ನು ಅದೇ ಕ್ರಮದಲ್ಲಿ ಹೇಳಿದರು. ಸಾಕ್ಷಿಗಳ ಮಾತು ಇಷ್ಟು ಹೊಂದಿಕೊಂಡರೆ ಅವರು ಮೊದಲೇ ಕೂತು ಮಾತಾಡಿಕೊಂಡಿದ್ದಾರೆಂದು ಅರ್ಥ. ನಾಲ್ಕನೆಯವರು ಗಣಿತದ ಟೀಚರು. ಬಾಯಿ ತೆರೆದರು, ಅಕ್ಕನ ಕಡೆ ನೋಡಿದರು, ಮುಚ್ಚಿದರು.

"ಆತು ಬಿಡ್ರಿ, ನಾನೇ ಹೇಳ್ತೀನಿ," ಅಂದಳು ಅಕ್ಕ. "ಎರಡನೇ ದಿನ ಸಂಜಿಮುಂದ ಕಾಲುವಿ ಆ ಕಡೆ ಬ್ಯಾರೆ ಯಾರೋ ಸುಟ್ರು. ಎದಿ ಹಿಡೀತು. ಇನ್‌ಹೇಲರ್ ಎರಡು ಸಲ ಎಳಕೊಂಡೆ. ಇವರು ನನ್ನ ಹಾಸಿಗಿ ಹೊತ್ಕೊಂಡು ಹೋಗಿ ಆ ತುದಿ ಖೋಲಿಯಾಗ ಹಾಕಿ, ಕಿಟಕಿಗೆ ಒದ್ದಿ ಸೀರಿ ಕಟ್ಟಿದ್ರು. ಅರ್ಧ ತಾಸಿನಾಗ ಇಳೀತು. ಆಮ್ಯಾಲ ಮಲಗಿದಾಕಿ ಬೆಳಕು ಹರಿದ ಮ್ಯಾಲೇ ಎದ್ದೆ."

"ನನಗೆ ತಿಳಿಸಬಾರದಾಗಿತ್ತಾ? ಮಾಲೀಕನ ಹತ್ತಿರ ಫೋನಿತ್ತು."

"ಅವರು ಪಾಪ ಮಾಡ್ತೀನಂತಲೇ ನಿಂತಿದ್ರು. ನಾವೇ ಬ್ಯಾಡಂದ್ವಿ. ಹೇಳಿದ್ರ ನೀ ಅವತ್ತೇ ಬಂದು ನನ್ನ ಕರ್ಕೊಂಡು ಹೋಗ್ತಿದ್ದಿ. ಮೂರನೇ ದಿನ ನನಗ ಸಿಗ್ತಿರಲಿಲ್ಲ."

ಖಂಡಿತ ಬರುತ್ತಿದ್ದೆ. ಅದನ್ನು ಅಲ್ಲಗಳೆಯಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಾಲೀಕ ನನ್ನ ಕಣ್ಣು ತಪ್ಪಿಸಿ ಫೋನುಗಳನ್ನು ಒಂದೊಂದಾಗಿ ಹಿಂದಿರುಗಿಸುತ್ತಿದ್ದ.

ವ್ಯಾನು ಕಂಪ್ಲಿ ದಾಟಿತು. ಅಕ್ಕ ನನ್ನ ಹಿಂದಿನ ಸೀಟಿನಲ್ಲಿದ್ದಳು. ಗೆಳತಿಯರ ಜೊತೆ ಯಾರು ಎಷ್ಟು ಗೊರಕೆ ಹೊಡೆದರೆಂದು ವಾದ ಮಾಡುತ್ತಿದ್ದಳು. ಮಾತು ಎಲ್ಲಿಯಾದರೂ ನಿಲ್ಲುತ್ತದೆಯೇ ಎಂದು ಕಿವಿಗೊಟ್ಟು ಕುಳಿತಿದ್ದೆ. ನಿಲ್ಲಲಿಲ್ಲ.

"ಮುಂದಿನ ಸಲ ಐದು ದಿನ," ಅಂದಳು. "ಕಬ್ಬು ಕಡ್ಯಾಕ ಶುರು ಆಗೋಕಿಂತ ಮುಂಚೆ."

"ಯಾವಾಗ ಶುರು ಆಗುತ್ತದೆಂದು ವಿಚಾರಿಸುತ್ತೇನೆ."

"ಬ್ಯಾಡ. ಆ ರೈತನ ನಂಬರ್ ನನ್ನತ್ರ ಐತಿ. ನೀ ಗಾಡಿ ನೋಡ್ಕೋ."