ಮಲ್ಲಿಕಾಂಬತ್ತೆಯ ಹನ್ನೆರಡು ಬಾಳೆಹಣ್ಣು

ಅಪ್ಪನ ತಂಗಿ ಮಲ್ಲಿಕಾಂಬತ್ತೆ ಅಜ್ಜಂಪುರದ ನಮ್ಮ ಮನೆ ಸೇರಿ ಎಂಟು ವರ್ಷವಾಗಿತ್ತು. ಗಂಡ ಟೂರಿಂಗ್ ಟಾಕೀಸಿನ ಹಿಂದೆ ಹೋದವನು ವಾಪಸು ಬರಲಿಲ್ಲ. ಬರಲಿ ಎಂದು ಯಾರೂ ಹರಕೆ ಹೊರಲೂ ಇಲ್ಲ. ಅಪ್ಪ, ಅವ್ವ, ಅಣ್ಣ, ನಾನು, ನಾಲ್ವರಿಗೂ ಅತ್ತೆಯೇ ಮೂರು ಹೊತ್ತು ಬೇಯಿಸಿ ಹಾಕುತ್ತಿದ್ದಳು. ಇದಕ್ಕೆ ಅಪ್ಪ "ತಂಗೀನ ಸಾಕ್ತಿದೀನಿ" ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ.

ಅಣ್ಣ ಎರಡು ಸಲ ಫೇಲಾಗಿ ಬಿಸಾಡಿದ್ದ ಇಂಗ್ಲಿಷ್ ಪುಸ್ತಕವೇ ಅವಳ ಕಾಲೇಜು. ಒಂದಿದ್ದರೆ ಹಾಗೇ ಬಿಡು, ಹೆಚ್ಚಿದ್ದರೆ ಕೊನೆಗೊಂದು 'ಸ್' ಸೇರಿಸು. ಇಷ್ಟು ಹಿಡಿದುಕೊಂಡು ಅಡುಗೆಮನೆಯನ್ನೆಲ್ಲ ವರ್ಣಿಸುತ್ತಿದ್ದಳು: "ಒನ್ ಪಾಟ್. ಸಿಕ್ಸ್ ಆನಿಯನ್ಸ್. ಮೆನಿ ಇರುವೆಸ್." ಇರುವೆಯ ಪಾಠವಿದ್ದ ಹಾಳೆಯನ್ನು ಅಣ್ಣ ಹರಿದು ದೋಣಿ ಮಾಡಿದ್ದ.

೧೯೭೯ರಲ್ಲಿ ತರೀಕೆರೆಯಲ್ಲೊಂದು ಕಾನ್ವೆಂಟ್ ಶುರುವಾಯಿತು. ಸನ್ಯಾಸಿನಿಯರು ಯಾರೂ ಇಲ್ಲ, ಐದು ಜನ ಅಡಿಕೆ ವ್ಯಾಪಾರಿಗಳ ಕಮಿಟಿ ಅಷ್ಟೆ. ಚಿಕ್ಕ ಮಕ್ಕಳಿಗೆ ಟೀಚರು ಬೇಕಂತೆ ಎಂದು ಕೇಳಿ ಅತ್ತೆ ಲಂಗ-ದಾವಣಿಯ ನನ್ನನ್ನು ಜೊತೆ ಮಾಡಿಕೊಂಡು ಬಸ್ಸು ಹತ್ತಿದಳು. ಈ ಕೆಲಸ ಸಿಗದಿದ್ದರೆ ಸಾಯುವ ತನಕ ನಮ್ಮನೆ ಒಲೆಯೇ ಗತಿ ಎಂದು ಅವಳಿಗೆ ಗೊತ್ತಿತ್ತು. ದಾರಿಯುದ್ದಕ್ಕೂ ಸೆರಗಿನ ತುದಿ ಹಿಂಡುತ್ತಿದ್ದಳು.

ಅಧ್ಯಕ್ಷ ಷಣ್ಮುಖಪ್ಪ ಬಾಳೆಹಣ್ಣು ಸುಲಿಯುತ್ತಾ, "ಈ ರೂಮಲ್ಲಿ ಏನೇನೈತೆ, ಇಂಗ್ಲಿಷಲ್ಲಿ ಹೇಳಮ್ಮ" ಎಂದ.

"ಒನ್ ಟೇಬಲ್. ಫೈವ್ ಚೇರ್ಸ್. ಫೈವ್ ಮೆನ್. ಟ್ವೆಲ್ವ್ ಬನಾನಾಸ್. ಆಲ್ ಮೆನ್ ಈಟಿಂಗ್. ಟೂ ಲೇಡೀಸ್ ಸ್ಟ್ಯಾಂಡಿಂಗ್."

ಐವರೂ ತಲೆದೂಗಿದರು. ಒಬ್ಬನಿಗೂ ಇಂಗ್ಲಿಷ್ ಬಾರದೆಂದು ನನಗೆ ಆಗ ಹೊಳೆಯಿತು.

"ಭೇಷ್! ಈಗ ಅದನ್ನೇ ಕನ್ನಡದಲ್ಲಿ ಹೇಳ್ಬಿಡಮ್ಮ" ಎಂದ ಷಣ್ಮುಖಪ್ಪ.

ಗೋಡೆ ಮೇಲೆ ಸ್ವಾಮಿಗಳ ಫೋಟೋ ಇದೆ ಅಂತ ಏನಾದರೂ ಸುಳ್ಳು ಹೇಳೇ ಅತ್ತೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅತ್ತೆ ಸೆರಗಿನ ತುದಿ ಬಿಟ್ಟಳು.

"ಒಂದು ಟೇಬಲ್ಲು. ಐದು ಕುರ್ಚಿ, ಐದು ಜನ ಗಂಡಸ್ರು. ಹನ್ನೆರಡು ಬಾಳೆಹಣ್ಣು, ಗಂಡಸ್ರೆಲ್ಲ ತಿಂತಾವ್ರೆ. ಇಬ್ರು ಹೆಂಗಸ್ರು ನಿಂತವ್ರೆ, ಸ್ವಾಮಿ."

ಷಣ್ಮುಖಪ್ಪನಿಗೆ ಹಣ್ಣು ಗಂಟಲಲ್ಲೇ ಸಿಕ್ಕಿಕೊಂಡಿತು. ಕೆಮ್ಮಿ, ಎದ್ದು, ತನ್ನ ಕುರ್ಚಿಯನ್ನೇ ಈಚೆ ತಳ್ಳಿದ. "ಕೂತ್ಕೊಳಮ್ಮ. ಸೋಮವಾರದಿಂದ ಬಂದ್ಬಿಡು. ಮಕ್ಕಳಿಗೆ ಇರೋದನ್ನ ಇದ್ದಂಗೇ ಹೇಳ್ಕೊಡು. ನಮ್ ವಿಷಯ ಮಾತ್ರ ಬೇಡ."

ಮನೆಗೆ ಬಂದು ಸುದ್ದಿ ಹೇಳಿದರೆ ಅಪ್ಪನ ಬಾಯಿಂದ ಬಂದ ಮೊದಲ ಮಾತು, "ಹಂಗಾದ್ರೆ ಅಡಿಗೆ ಯಾರೇ ಮಾಡ್ತಾರೆ?"

ಅತ್ತೆ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. "ಒನ್ ಕಿಚನ್. ಫೋರ್ ಪೀಪಲ್. ಎಯ್ಟ್ ಹ್ಯಾಂಡ್ಸ್" ಎಂದಳು.

"ಏನಂತೆ?" ಎಂದು ಅಪ್ಪ ನನ್ನ ಮುಖ ನೋಡಿದ. ಈ ಸಲ ಅತ್ತೆ ಅದನ್ನು ಕನ್ನಡದಲ್ಲಿ ಹೇಳಲಿಲ್ಲ. ಎಂಟು ಕೈಗಳಲ್ಲಿ ಎರಡು ನನ್ನವು. ನಾಚಿಕೆಯಾಗಿ ಅಕ್ಕಿ ತೊಳೆಯಲು ಹೋದೆ.