ಭಾವನ ಟ್ರಕ್ಕಿಗೆ ಬಂದ ಬಲ

ಕೆಟ್ಟುನಿಂತ ಗಾಡಿಗಳನ್ನು ಎಳೆಯುವ ಭಾವನ ಹಳೇ ಪೆಟ್ರೋಲ್ ಟ್ರಕ್ಕು ಮಾಚೇನಹಳ್ಳಿಯಲ್ಲಿ ನನ್ನ ಕೆಟ್ಟ ಕಾರಿನ ಮುಂದೆ ಗುಡುಗುತ್ತಿತ್ತು. ಅದರ ಮುದಿ ಎಂಜಿನ್ನಿಗೆ ಬಲ ಬರಲೆಂದು ಅಂದೇ ಸೂಪರ್‌ಚಾರ್ಜರ್ ಕೂರಿಸಿ, ಚಕ್ರದಡಿ ನಿಂಬೆಹಣ್ಣಿಟ್ಟು ತಂದಿದ್ದರು. ಬೋಣಿ ನನ್ನದೇ. ರಾಹುಕಾಲಕ್ಕೆ ಮೊದಲೇ ಹೊರಡುವ ಅವಸರದಲ್ಲಿ ಹಗ್ಗವನ್ನು ಬಂಪರಿಗೇ ಬಿಗಿದರು. ನಾನು ಸ್ಟೀರಿಂಗ್ ಹಿಡಿದು ಕೂತೆ. ಟ್ರಕ್ಕು ಒಮ್ಮೆಲೇ ನೆಗೆಯಿತು. ಕಾರು ಕದಲಲಿಲ್ಲ, ಬಂಪರ್ ಮಾತ್ರ ಕಿತ್ತುಕೊಂಡು ಭದ್ರಾವತಿಯತ್ತ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ಭಾವನ ಫೋನು: "ಏನ್ ಪವರ್ ಮಾರಾಯ! ಹಿಂದೆ ಕಾರಿದೆ ಅನ್ನೋದೇ ಗೊತ್ತಾಗ್ತಿಲ್ಲ!"

"ಇಲ್ವಲ್ಲ ಭಾವ, ನಾನಿನ್ನೂ ಮಾಚೇನಹಳ್ಳೀಲೇ ಇದೀನಿ."

ಕೊನೆಗೆ ನನ್ನನ್ನು ಎಳೆದೊಯ್ದದ್ದು ಗೊಬ್ಬರ ತುಂಬಿದ ಟ್ರ್ಯಾಕ್ಟರ್. ಬಂಪರ್ ಈಗ ಭಾವನ ಶೆಡ್ಡಿನ ಗೋಡೆಯ ಮೇಲಿದೆ. ಬಂದ ಗಿರಾಕಿಗಳಿಗೆಲ್ಲ ಟ್ರಕ್ಕಿನ ಪವರಿಗೆ ಅದೇ ಸಾಕ್ಷಿ. ಆಯುಧಪೂಜೆಯಲ್ಲಿ ಅದಕ್ಕೂ ಹಾರ ಬಿತ್ತು.